ಸತ್ಯಾಂಶ: ಊರ ಶಾಲೆಯಲ್ಲೂ ಆ ಮಗುವಿಗೆ ಜಾಗವಿದೆ

ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳನ್ನು ಊರ ಸರ್ಕಾರಿ ಶಾಲೆ ಸೇರಿಸಿಕೊಳ್ಳುವಂತಿಲ್ಲ, ಪಟ್ಟಣದ ವಿಶೇಷ ಶಾಲೆಗೇ ಕಳಿಸಬೇಕು ಎನ್ನುವ ಸಂದೇಶ ದಾಖಲಾತಿ ಹೊತ್ತಿಗೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತದೆ. ಕಳಿಸುವವರದ್ದು ಕಾಳಜಿಯೇ. ಆದರೆ ಅದನ್ನು ನಂಬಿದ ತಾಯಿ ಶೇಂಗಾ ಕೀಳಲು ಹೋಗುವಾಗ ಮಗುವನ್ನೂ ಕರೆದೊಯ್ದು ಹೊಲದ ಬದುವಿನ ಮೇಲೆ ಕೂರಿಸುತ್ತಾಳೆ. ವರ್ಷಗಳು ಹಾಗೇ ಉರುಳುತ್ತವೆ.

ಈ ಮಾತು ತಪ್ಪು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 31ನೇ ಸೆಕ್ಷನ್ ಪ್ರಕಾರ, ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದು. ಆಯ್ಕೆ ಮಗುವಿನದ್ದು, ಶಾಲೆಯದ್ದಲ್ಲ. ವಿಶೇಷ ಶಾಲೆ ಬೇಡವೆಂದು ನಾನು ಹೇಳುತ್ತಿಲ್ಲ. ಸನ್ನೆ ಭಾಷೆ ಕಲಿಯಬೇಕಾದ ಮಗುವಿಗೆ ಅದೇ ಒಳ್ಳೆಯದಿರಬಹುದು. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳಿಕೊಡುವ ಗೃಹಾಧಾರಿತ ಶಿಕ್ಷಣವೂ ಇದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕರು ಸಿಗುವುದಕ್ಕೆ 17ನೇ ಸೆಕ್ಷನ್ ಆಧಾರ.

ಇಂಥ ಸಂದೇಶ ಬಂದರೆ ಮೊದಲು ನೋಡಿ: ಆದೇಶದ ಸಂಖ್ಯೆ, ದಿನಾಂಕ ಇದೆಯೇ? ಕಾಯ್ದೆಯ ಪೂರ್ಣ ಪಾಠ ಸರ್ಕಾರದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊಬೈಲ್ ಕೈಗೆಟುಕದವರು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲೋ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲೋ ಕೇಳಬಹುದು. ಶಾಲೆಯವರೇ ‘ಆಗಲ್ಲ’ ಎಂದರೆ, ಕಾರಣವನ್ನು ಬರೆದುಕೊಡಿ ಅನ್ನಿ.