ಸ್ಪಷ್ಟನೆ: ಮಂಗಳೂರು, ಚೆನ್ನೈ ಹವೆ ಒಂದೇ ಅಲ್ಲ

‘ಮಂಗಳೂರು, ಚೆನ್ನೈ ಎರಡೂ ಸಮುದ್ರದ ದಂಡೆಯಲ್ಲಿ, ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ, ಮಳೆ, ಬಿಸಿಲು ಎರಡೂ ಕಡೆ ಒಂದೇ. ನವೆಂಬರಿನಲ್ಲಿ ಕೊಡೆ ಬೇಡ, ಬೇಸಿಗೆಗೆ ಮನೆಯ ಕೂಲರ್ ಒಯ್ದರೆ ಸಾಕು’ ಎಂಬ ಸಂದೇಶವು ಹೊರಗೆ ಓದಲು ಹೋಗುವ ಮಕ್ಕಳಿಗಾಗಿ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅಕ್ಷಾಂಶದ ಮಾತು ನಿಜ, ಉಳಿದದ್ದು ತಪ್ಪು.

ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ನೈಋತ್ಯ ಮುಂಗಾರಿನ ಗಾಳಿಯು ಪಶ್ಚಿಮ ಘಟ್ಟಗಳಿಗೆ ತಡೆದು ಮೇಲೇರುವುದರಿಂದ ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚೆನ್ನೈಗೆ ಅದರ ಅರ್ಧದಷ್ಟೂ ಇಲ್ಲ, ಆದರೆ ಅಲ್ಲಿನ ಮುಖ್ಯ ಮಳೆಗಾಲ ಶುರುವಾಗುವುದೇ ಅಕ್ಟೋಬರ್‌ನಲ್ಲಿ, ಬಂಗಾಳ ಕೊಲ್ಲಿಯ ಈಶಾನ್ಯ ಮಾರುತದಿಂದ. 2015ರಲ್ಲಿ ಆ ನಗರ ಮುಳುಗಿದ್ದು ನವೆಂಬರ್, ಡಿಸೆಂಬರ್‌ನಲ್ಲಿ ಎಂಬುದನ್ನು ಸಂದೇಶ ಬರೆದವರು ಮರೆತಂತಿದೆ.

ಬಿಸಿಲೂ ಬೇರೆಯೇ. ಮೇ, ಜೂನ್‌ನಲ್ಲಿ ಒಳನಾಡಿನ ಪಡುವಣ ಒಣಗಾಳಿ ಕಡಲಗಾಳಿಯನ್ನು ತಡೆದ ದಿನ ಚೆನ್ನೈ 40 ಡಿಗ್ರಿ ದಾಟುತ್ತದೆ. ಮಂಗಳೂರಿನಲ್ಲಿ ಅದು ತೀರಾ ಅಪರೂಪ.

ಇನ್ನು ಕೂಲರ್. ಅದರ ಹುಲ್ಲಿನ ಪರದೆಯನ್ನು ನೆನೆಸಿದ ನೀರು ಆವಿಯಾದಾಗ ಮಾತ್ರ ಗಾಳಿ ತಂಪಾಗುತ್ತದೆ. ಏಪ್ರಿಲ್‌ನಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ನೋಡುನೋಡುತ್ತಲೇ ಒಣಗುವ ನಮ್ಮ ಕಲಬುರಗಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿರುವ ಕರಾವಳಿಯ ಕೋಣೆಯಲ್ಲಿ ಮೈಯ ಅಂಟು ಇನ್ನಷ್ಟು ಹೆಚ್ಚುತ್ತದೆ. ಅಲ್ಲಿಗೆ ಫ್ಯಾನ್ ಮತ್ತು ತೆರೆದ ಕಿಟಕಿಯೇ ಮೇಲು.