ಮೊಬೈಲ್ ಒಂದನ್ನೇ ದೂರುವುದು ಸರಿಯೇ?

ಮಕ್ಕಳ ಸಮೀಪದೃಷ್ಟಿಗೆ (ದೂರದ್ದು ಮಸುಕಾಗಿ ಕಾಣುವ ದೋಷಕ್ಕೆ) ಮೊಬೈಲ್ ಒಂದೇ ಕಾರಣವೆಂದು ಈ ಪತ್ರಿಕೆಯಲ್ಲಿ ಬಂದ ಲೇಖನದ ನಿಲುವನ್ನು ಪೂರ್ತಿಯಾಗಿ ಒಪ್ಪಲಾರೆ. ಹತ್ತಿರದಿಂದ ನೋಡುವ ಕೆಲಸಕ್ಕೂ ಈ ದೋಷಕ್ಕೂ ನಂಟಿದೆ ಎಂಬುದನ್ನು 17ನೇ ಶತಮಾನದ ಆರಂಭದಲ್ಲಿಯೇ ಖಗೋಳವಿಜ್ಞಾನಿ ಕೆಪ್ಲರ್ ಪ್ರಸ್ತಾಪಿಸಿದ್ದ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪೊರೆಯ) ಮುಂದೆಯೇ ಮೂಡುತ್ತದೆ. ಉದ್ದ 1 ಮಿಲಿಮೀಟರ್ ಹೆಚ್ಚಿದರೂ ಸುಮಾರು 2.5 ಡಯಾಪ್ಟರ್‌ನ (ಮಸೂರದ ಶಕ್ತಿಯ ಅಳತೆ) ಕನ್ನಡಕ ಬೇಕಾಗುತ್ತದೆ.

ಓದುವ ಅವಧಿಯಷ್ಟೇ ಅಲ್ಲ, ಹೊರಗಿನ ಬೆಳಕಿನ ಕೊರತೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2015ರಲ್ಲಿ ಪ್ರಕಟವಾದ ಚೀನಾದ ಗುವಾಂಗ್‌ಝೌ ಅಧ್ಯಯನದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲಾ ದಿನಗಳಲ್ಲಿ 40 ನಿಮಿಷಗಳ ಹೆಚ್ಚುವರಿ ಹೊರಾಂಗಣ ಚಟುವಟಿಕೆ ನೀಡಿದಾಗ, 3 ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಸುಮಾರು ಶೇ. 30; ಆ ಅವಕಾಶವಿಲ್ಲದ ಶಾಲೆಗಳಲ್ಲಿ ಸುಮಾರು ಶೇ. 40.

ನಮ್ಮ ಉಡುಪಿಯಲ್ಲಿ ಜೂನ್ ಹಿಡಿದರೆ ಮಕ್ಕಳು ಒಳಗೇ ಉಳಿಯುತ್ತಾರೆ. ಚಾವಡಿಯ ಮೂಲೆಯಲ್ಲಿ, ಮಂದ ಬೆಳಕಿನಲ್ಲಿ, ಮೂಗಿನಿಂದ ಒಂದು ಗೇಣು ದೂರಕ್ಕೆ ಪುಸ್ತಕ ಹಿಡಿದು ಮಗ್ಗಿ ಬರೆಯುವ ಮಕ್ಕಳನ್ನು ಯಾರೂ ಗದರಿಸುವುದಿಲ್ಲ, ಏಕೆಂದರೆ ಕೈಯಲ್ಲಿರುವುದು ಮೊಬೈಲ್ ಅಲ್ಲ. ಮೋಡ ಕವಿದ ಹಗಲಿನಲ್ಲಿಯೂ ಅಂಗಳದ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಹೀಗಿರುವಾಗ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳ ಬಗ್ಗೆಯೂ ಲೇಖಕರು ಎರಡು ಮಾತು ಬರೆಯಬೇಕಿತ್ತು.