ಗದ್ದಲವಿಲ್ಲದ ಮೀನು ಸಂತೆ

ಮೀನು ಮಾರ್ಕೆಟ್ ಅಂದಮೇಲೆ ಗದ್ದಲ ಇರಲೇಬೇಕು ಅನ್ನುವುದು ನಮ್ಮ ಕರಾವಳಿಯವರ ಗಟ್ಟಿ ನಂಬಿಕೆ. ಅಕ್ಟೋಬರ್ ಶುರುವಿನಲ್ಲಿ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಸೇರುವ ಸಿಲಕ್ಕಾ ಮೀನಿನ ಸಂತೆಗೆ ಹೋದರೆ ಆ ನಂಬಿಕೆ ಅಲ್ಲಾಡುತ್ತದೆ. ಯಾರೂ ಕೂಗುವುದಿಲ್ಲ. ಚೌಕಾಸಿಯೂ ಇಲ್ಲ. ದೋಣಿಯ ಮೇಲೆ ಉಣ್ಣೆ ಟೋಪಿ ಹಾಕಿಕೊಂಡು ನಿಂತ ಮೀನುಗಾರನ ಎದುರು ನೀವು ಐದು ನಿಮಿಷ ನಿಂತು ಡಬ್ಬಿಗಳನ್ನು ದಿಟ್ಟಿಸಿದರೂ ಆತ "ಬನ್ನಿ, ತಗೊಳ್ಳಿ" ಅನ್ನುವುದಿಲ್ಲ. ನೀವಾಗಿ ಬಾಯಿ ಬಿಡುವ ತನಕ ಸುಮ್ನೆ ಕಾಯುತ್ತಾನೆ. ಅದು ಸೊಕ್ಕು ಅಲ್ಲ, ಅಲ್ಲಿನ ಮರ್ಯಾದೆಯೇ ಹಾಗೆ.

ಸಂತೆ ನಡೆಯುವುದು ಕೌಪ್ಪತೋರಿಯಲ್ಲಿ, ಅಂದರೆ ಬಂದರಿನ ಅಂಚಿನ ಮಾರ್ಕೆಟ್ ಚೌಕದಲ್ಲಿ. ದೂರದ ದ್ವೀಪಗಳಿಂದ ಬಂದ ಮೀನುಗಾರರು ದಡಕ್ಕೆ ದೋಣಿ ಕಟ್ಟಿ, ದೋಣಿಯ ಮೇಲಿಂದಲೇ ಕೈ ಚಾಚಿ ಮಾರುತ್ತಾರೆ. ಅವರಲ್ಲಿ ಸ್ವೀಡಿಷ್ ಮಾತಾಡುವವರೂ ಇದ್ದಾರೆ, ಹಾಗಾಗಿ ಬೋರ್ಡುಗಳಲ್ಲಿ ಎರಡು ಭಾಷೆ. ರಸ್ತೆ ದಾಟಿದರೆ ದೇಶದ ಅಧ್ಯಕ್ಷರ ಅರಮನೆ. ಬೆಣ್ಣೆಯಲ್ಲಿ ಮೀನು ಹುರಿಯುವ ವಾಸನೆ ಆ ಕಿಟಕಿಗಳ ತನಕ ಹೋಗದೆ ಇರಲು ಸಾಧ್ಯವೇ ಇಲ್ಲ. ಅರಮನೆಯ ಮುಂದೆಯೇ ಮೀನು ಮಾರಲು ಬಿಡುವ ದೇಶದ ಮೇಲೆ ನನಗೆ ತಾನಾಗಿಯೇ ಒಂದು ಗೌರವ ಬಂದುಬಿಟ್ಟಿದೆ.

ಸಿಲಕ್ಕಾ ಅಂದರೆ ಬಾಲ್ಟಿಕ್ ಸಮುದ್ರದ ಹೆರಿಂಗ್. ಬೆಳ್ಳಿ ಬಣ್ಣ, ಗೇಣುದ್ದ, ನಮ್ಮ ಬೂತಾಯಿಗೆ ದೂರದ ನೆಂಟ. ಅಟ್ಲಾಂಟಿಕ್‌ನಲ್ಲಿರುವ ಇದರ ಅಣ್ಣಂದಿರು ದಪ್ಪಗೆ, ಕೊಬ್ಬಿಕೊಂಡು ಇರುತ್ತಾರೆ. ಇದು ಮಾತ್ರ ಪೀಚಲು. ಬಾಲ್ಟಿಕ್ ಸಮುದ್ರ ಹೆಸರಿಗಷ್ಟೇ ಸಮುದ್ರ, ಹೆಲ್ಸಿಂಕಿ ಹತ್ತಿರ ಲೀಟರ್ ನೀರಿಗೆ 5–6 ಗ್ರಾಂ ಉಪ್ಪು ಸಿಕ್ಕರೆ ಹೆಚ್ಚು. ಮಹಾಸಾಗರಗಳಲ್ಲಿ ಅದು ಸುಮಾರು 35 ಗ್ರಾಂ. ಇಷ್ಟು ಸಪ್ಪೆ ನೀರಿನಲ್ಲಿ ಬೆಳೆದ ಮೀನಿಗೆ ಜನ ಆಮೇಲೆ ಸೇರುಗಟ್ಟಲೆ ಉಪ್ಪು ಸುರಿದು ಸೇಡು ತೀರಿಸಿಕೊಳ್ಳುತ್ತಾರೆ.

ಸಂತೆ ಶುರುವಾಗಿದ್ದು 1743ರಲ್ಲಿ. ಆಗ ಫಿನ್ಲೆಂಡ್ ಸ್ವೀಡನ್ನಿನ ಕೈಯಲ್ಲಿತ್ತು, ಹೆಲ್ಸಿಂಕಿ ಇನ್ನೂ ಸಣ್ಣ ಊರು. ಇಲ್ಲಿಂದ ಈಗ ಪ್ರವಾಸಿಗರು ದೋಣಿ ಹತ್ತಿ ನೋಡಲು ಹೋಗುವ ಸುವೊಮೆನ್‌ಲಿನ್ನಾ ಕೋಟೆಯ ಕೆಲಸ ಹಿಡಿದಿದ್ದೇ 1748ರಲ್ಲಿ. ಅಂದರೆ ಕೋಟೆಗಿಂತ ಮೀನಿನ ಸಂತೆ ಹಳೇದು. ಕಾರಣವೂ ಸರಳ. ಸಮುದ್ರ ಹೆಪ್ಪುಗಟ್ಟುವ ಮೊದಲು ಮೀನುಗಾರ ತನ್ನ ಸರಕು ಮಾರಬೇಕು, ಪೇಟೆಯವರು ಚಳಿಗಾಲಕ್ಕೆ ಉಪ್ಪುಮೀನು ಕೂಡಿಡಬೇಕು. ಮಳೆಗಾಲ ಹಿಡಿಯುವ ಮೊದಲು ನಮ್ಮಲ್ಲಿ ಒಣಮೀನು ಡಬ್ಬಿಗೆ ತುಂಬಿಸಿಡುವುದಿಲ್ವಾ, ಅದೇ ಲೆಕ್ಕ.

ಈಗ ಆ ಲೆಕ್ಕ ಯಾರಿಗೂ ಬೇಕಾಗಿಲ್ಲ. ಜನವರಿಯಲ್ಲೂ ಸೂಪರ್ ಮಾರ್ಕೆಟ್‌ಗೆ ಹೋದರೆ ನಾರ್ವೆಯ ಸಾಲ್ಮನ್ ಸಾಲಾಗಿ ಮಲಗಿರುತ್ತದೆ. ಹಿಡಿದ ಸಿಲಕ್ಕಾದಲ್ಲೂ ದೊಡ್ಡ ಪಾಲು ಜನರ ತಟ್ಟೆಗೆ ಬರುವುದೇ ಇಲ್ಲ, ಪ್ರಾಣಿಗಳ ಮೇವಿಗೆ, ಮೀನಿನ ಹಿಟ್ಟಿಗೆ ಹೋಗುತ್ತದೆ. ಆದರೂ ಅಕ್ಟೋಬರ್ ಬಂತೆಂದರೆ ಜನ ಜಾಕೆಟ್ ಏರಿಸಿಕೊಂಡು, ಕೊರೆಯುವ ಗಾಳಿಗೆ ಮೂಗು ಕೆಂಪಗೆ ಮಾಡಿಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಅವಸರವಿಲ್ಲ, ಒಬ್ಬರಿಗೊಬ್ಬರು ತಾಗುವುದಿಲ್ಲ. ಅಗತ್ಯ ಮುಗಿದ ಮೇಲೂ ಸಂತೆ ಬದುಕಿದೆಯಲ್ಲ, ನನಗೆ ಮಜಾ ಅನ್ನಿಸುವುದು ಇದೇ. ಹಬ್ಬವೂ ಅಲ್ಲ, ಪ್ರವಾಸಿಗರಿಗಾಗಿ ಹಾಕಿದ ವೇಷವೂ ಅಲ್ಲ, ಅಭ್ಯಾಸ ಅಷ್ಟೇ.

ಮತ್ತೆ ಆ ಡಬ್ಬಿಗಳು! ವಿನೆಗರ್, ಸಕ್ಕರೆ, ಈರುಳ್ಳಿ ಹಾಕಿ ನೆನೆಸಿದ ಹಸಿ ಮೀನಿನ ತುಂಡುಗಳು. ಸಾಸಿವೆಯದು ಒಂದು, ಬೆಳ್ಳುಳ್ಳಿಯದು ಇನ್ನೊಂದು, ಸಬ್ಬಸಿಗೆ ಸೊಪ್ಪಿನದು ಮತ್ತೊಂದು. ಯಾರ ಮೀನು ಚೆನ್ನ ಅಂತ ತೀರ್ಪುಗಾರರು ರುಚಿ ನೋಡಿ ಬಹುಮಾನ ಬೇರೆ ಕೊಡುತ್ತಾರೆ. ಬೇಯಿಸದ ಮೀನು, ಅದೂ ಸಿಹಿ ಅಂದರೆ ನಮ್ಮವರು ಮುಖ ಹಿಂಡುತ್ತಾರೆ, ಗೊತ್ತು. ಅದಕ್ಕೆ ಜೊತೆಯಾಗಿ ದ್ವೀಪದವರ ಕಪ್ಪು ಬ್ರೆಡ್ ಬೇಕು. ರೈ ಅನ್ನುವ ಧಾನ್ಯದ ಹಿಟ್ಟು, ಮಾಲ್ಟ್, ಸಿರಪ್ ಹಾಕಿದ, ಕೈಗೆ ಭಾರವಾಗುವ ಬ್ರೆಡ್. ತಂದ ದಿನಕ್ಕಿಂತ ಎರಡು ದಿನ ಬಿಟ್ಟು ಜಾಸ್ತಿ ರುಚಿ. ಅದರ ಮೇಲೆ ಧಾರಾಳವಾಗಿ ಬೆಣ್ಣೆ ಬಳಿದು ಸಾಸಿವೆ ಸಿಲಕ್ಕಾ ಇಟ್ಟು ಕಚ್ಚಿದರೆ ಮೂಗಿಗೆ ಸಣ್ಣಗೆ ಏರುತ್ತದೆ, ಮುಖ ತಾನಾಗಿಯೇ ಸಡಿಲವಾಗುತ್ತದೆ.

ಹಸಿ ಬೇಡ ಅನ್ನುವವರು ರೈ ಹಿಟ್ಟಿನಲ್ಲಿ ಹೊರಳಿಸಿ ಹುರಿದಿದ್ದನ್ನು ತಗೊಳ್ಳಿ. ಆದರೆ ತಟ್ಟೆಯನ್ನು ಎದೆಗೆ ಅವಚಿ ಹಿಡಿದುಕೊಂಡು ತಿನ್ನಬೇಕು. ಇಡೀ ಸಂತೆಯಲ್ಲಿ ಕೂಗುವುದು, ಮೈಮೇಲೆ ಬೀಳುವುದು, ಕಸಿದು ಓಡುವುದು ಇದೆಲ್ಲ ಕಡಲಹಕ್ಕಿಗಳ ಗುತ್ತಿಗೆ. ಮನುಷ್ಯರು ಬಿಟ್ಟುಕೊಟ್ಟ ಗದ್ದಲವನ್ನೆಲ್ಲ ಅವೇ ವಹಿಸಿಕೊಂಡಿವೆ.

ಮನೆಗೆ ಉಪ್ಪು ಹಾಕಿದ ಮೀನು ಒಯ್ಯುವುದಾದರೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿ, ನಡುವೆ ಒಮ್ಮೆ ನೀರು ಬದಲಿಸಿ. ಅಲ್ಲಿಯವರು ಬೇಯಿಸಿದ ಆಲೂಗಡ್ಡೆ ಜೊತೆ ತಿನ್ನುತ್ತಾರೆ. ನಿಮಗೆ ಸಾರು ಮಾಡಲೇಬೇಕು ಅನ್ನಿಸಿದರೆ ಹುಣಸೆಹುಳಿ ಹಾಕಿ, ಮೆಣಸು ಹಾಕಿ, ಉಪ್ಪಿನ ಡಬ್ಬಿ ಮಾತ್ರ ಮುಟ್ಟಬೇಡಿ.